ಕಾರಿಗೆ ಕರೆಂಟು: ಎಷ್ಟು ಹೊತ್ತು, ಎಷ್ಟು ದುಡ್ಡು?

ಕೇಳುಗರಿಗೆಲ್ಲ ನಮಸ್ಕಾರ.

ಎಲೆಕ್ಟ್ರಿಕ್ ಕಾರು ತಗೊಳ್ಳೋಣ ಅಂತ ಯೋಚಿಸುವವರು ಮೊದಲು ಕೇಳುವುದು ಎರಡೇ ಪ್ರಶ್ನೆ. ಚಾರ್ಜ್ ಆಗಲು ಎಷ್ಟು ಹೊತ್ತು? ಎಷ್ಟು ಖರ್ಚು? ಎರಡಕ್ಕೂ ಉತ್ತರ, ಕಾರನ್ನು ನೀವು ಎಲ್ಲಿ ಚಾರ್ಜಿಗೆ ಹಾಕುತ್ತೀರಿ ಅನ್ನುವುದರ ಮೇಲೆ ನಿಂತಿದೆ.

ಲೆಕ್ಕ ಕಷ್ಟದ್ದಲ್ಲ. ಮನೆಯ 2 ಕಿಲೋವ್ಯಾಟ್ ಗೀಸರ್ ಒಂದು ಗಂಟೆ ಉರಿದರೆ 2 ಯೂನಿಟ್. ಕಿಲೋವ್ಯಾಟ್ ಅಂದರೆ ವೇಗ, ಯೂನಿಟ್ ಅಂದರೆ ಒಟ್ಟು ಬಳಸಿದ ಕರೆಂಟು. ಈಗ 45 ಯೂನಿಟ್ ಹಿಡಿಯುವ ಬ್ಯಾಟರಿ ಇರುವ ಕಾರು ಅಂತಿಟ್ಟುಕೊಳ್ಳಿ. ಶೇಕಡಾ 20ರಿಂದ 80ಕ್ಕೆ ಏರಿಸಲು 27 ಯೂನಿಟ್ ಬೇಕು. ಊರೊಳಗೆ ಇದರಲ್ಲಿ ಸುಮಾರು 175 ಕಿಲೋಮೀಟರ್ ಓಡಿಸಬಹುದು.

ಗೀಸರಿಗೆ ಹಾಕಿಸುವ 15 ಆಂಪ್ ಪ್ಲಗ್ಗಿನಿಂದ 3.3 ಕಿಲೋವ್ಯಾಟ್ ಸಿಗುತ್ತದೆ. ಚಾರ್ಜಿಂಗಿನಲ್ಲಿ ಸೋರಿಹೋಗುವುದೂ ಸೇರಿ, 27 ಯೂನಿಟ್ ತುಂಬಲು ಹತ್ತಿರ ಹತ್ತಿರ 9 ಗಂಟೆ. ರಾತ್ರಿ ಹತ್ತಕ್ಕೆ ಹಾಕಿದರೆ ಬೆಳಿಗ್ಗೆ ಕಾಫಿ ಹೊತ್ತಿಗೆ ಕಾರು ರೆಡಿ. ಗೋಡೆಗೆ ಕೂರಿಸುವ 7.2 ಕಿಲೋವ್ಯಾಟ್ ಚಾರ್ಜರ್ ಇದ್ದರೆ ನಾಲ್ಕು ಗಂಟೆ ಸಾಕು. ಆದರೆ ಇಲ್ಲೊಂದು ವಿಷಯ ಗಮನಿಸಿ. ಮನೆಗೆ ಬರುವುದು ದಿಕ್ಕು ಬದಲಿಸುತ್ತಾ ಹರಿಯುವ ಎಸಿ ಕರೆಂಟು, ಬ್ಯಾಟರಿಗೆ ಬೇಕಾದದ್ದು ಒಂದೇ ದಿಕ್ಕಿಗೆ ಹರಿಯುವ ಡಿಸಿ. ಆ ಬದಲಾವಣೆ ಮಾಡುವ ಪೆಟ್ಟಿಗೆ ಕಾರಿನೊಳಗೇ ಇರುತ್ತದೆ. ಅದು 3.3ರದ್ದಾದರೆ ಗೋಡೆಗೆ 7.2ರದ್ದು ಹಾಕಿಸಿಯೂ ಪ್ರಯೋಜನವಿಲ್ಲ, ಸುಮ್ನೆ ದುಡ್ಡು ದಂಡ. ಶೋರೂಮಿನಲ್ಲೇ ಇದನ್ನು ಕೇಳಿ.

ಹೆದ್ದಾರಿಯ ಫಾಸ್ಟ್ ಚಾರ್ಜರ್ ನೇರವಾಗಿ ಡಿಸಿ ಕೊಡುತ್ತದೆ. 60 ಕಿಲೋವ್ಯಾಟಿನದಾದರೆ ಮುಕ್ಕಾಲು ಗಂಟೆಯೊಳಗೆ ಕೆಲಸ ಆಗುತ್ತದೆ. ಬೆಂಗಳೂರಿನಿಂದ ಮಂಗಳೂರಿಗೆ ಹೊರಟವರು ಹಾಸನದಲ್ಲಿ ಊಟ ಮುಗಿಸುವಷ್ಟು ಹೊತ್ತು. ಯಂತ್ರದ ಪರದೆಯನ್ನೊಮ್ಮೆ ನೋಡಿ. ಮೊದಲು ಜೋರಾಗಿ ಏರುವ ಅಂಕಿ, ಶೇಕಡಾ 80 ದಾಟಿತು ಅಂದರೆ ನಿಧಾನವಾಗುತ್ತದೆ. ಯಂತ್ರ ಕೆಟ್ಟಿಲ್ಲ, ಗಾಬರಿ ಬೇಡ. ಖಾಲಿ ಬಸ್ಸಿನಲ್ಲಿ ಎಲ್ಲರೂ ಬೇಗ ಬೇಗ ಕೂರುತ್ತಾರೆ, ತುಂಬುತ್ತಾ ಬಂದ ಹಾಗೆ ಸೀಟು ಹುಡುಕಬೇಕು, ಅಲ್ವಾ? ಬ್ಯಾಟರಿಯೊಳಗೆ ಲಿಥಿಯಂ ಕಣಗಳ ಪಾಡೂ ಅದೇ. ಆಗಲೂ ಜೋರು ಮಾಡಿದರೆ ಲಿಥಿಯಂ ಒಳಗೆ ಸೇರದೆ ಮೇಲೇ ಪದರ ಕಟ್ಟಿ ಬ್ಯಾಟರಿ ಹಾಳಾಗುತ್ತದೆ. ಅದಕ್ಕೇ ಕಾರು ತಾನೇ ವೇಗ ಇಳಿಸಿಕೊಳ್ಳುತ್ತದೆ. 80ಕ್ಕೆ ಬಿಚ್ಚಿಕೊಂಡು ಹೊರಡಿ, ಹಿಂದೆ ಕಾಯುವವರಿಗೂ ಉಪಕಾರ. ಒಂದೇ ಯಂತ್ರದ ಎರಡು ಗನ್‌ಗಳಿಗೂ ಕಾರು ಸಿಕ್ಕಿಸಿದ್ದರೆ ಎಷ್ಟೋ ಕಡೆ ಕರೆಂಟು ಹಂಚಿಹೋಗುತ್ತದೆ, ಅದೂ ನೆನಪಿರಲಿ.

ಇನ್ನು ದುಡ್ಡು. ಮನೆಯಲ್ಲಿ ಯೂನಿಟ್ಟಿಗೆ ತೆರಿಗೆ ಸೇರಿ ಆರೂವರೆ ರೂಪಾಯಿ ಅಂದುಕೊಳ್ಳಿ. ಚಾರ್ಜಿಂಗಿನಲ್ಲಿ ಸೋರಿಹೋಗುವುದೂ ಸೇರಿ 30 ಯೂನಿಟ್, ಸುಮಾರು 200 ರೂಪಾಯಿ. ಅದೇ 27 ಯೂನಿಟ್ಟನ್ನು ಫಾಸ್ಟ್ ಚಾರ್ಜರಿನಲ್ಲಿ 20 ರೂಪಾಯಿಯಂತೆ ಹಾಕಿಸಿದರೆ 540, ಮೇಲೆ ಶೇಕಡಾ 18 ಜಿಎಸ್‌ಟಿ, ಒಟ್ಟು 637. ಅಂದರೆ ಮೂರು ಪಟ್ಟು. ಲೀಟರಿಗೆ 15 ಕಿಲೋಮೀಟರ್ ಕೊಡುವ ಪೆಟ್ರೋಲ್ ಕಾರಿಗೆ ಇಷ್ಟೇ ದೂರಕ್ಕೆ ಸಾವಿರದ ಇನ್ನೂರರ ಹತ್ತಿರ ಬೇಕು. ಗೃಹಜ್ಯೋತಿ ಇರುವವರು ಒಂದು ಮಾತು ಕೇಳಿ: ಕಾರಿನಿಂದಾಗಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನೀವೇ ಕಟ್ಟಬೇಕು.

ನನ್ನನ್ನು ಕಾಡುವುದು ಈ ಮೂರು ಪಟ್ಟಿನ ಅಂತರ. ಸ್ವಂತ ಮನೆ, ಸ್ವಂತ ಪಾರ್ಕಿಂಗ್ ಇದ್ದವರಿಗೆ ಕಿಲೋಮೀಟರಿಗೆ ರೂಪಾಯಿ ಚಿಲ್ಲರೆ. ಬಾಡಿಗೆ ಮನೆಯವರು, ಪ್ಲಗ್ ಸಿಗದ ಅಪಾರ್ಟ್‌ಮೆಂಟಿನವರು ಮೂರೂವರೆ ರೂಪಾಯಿಗಿಂತ ಜಾಸ್ತಿ ಕೊಡಬೇಕು. ಇದು ಸರಿಯಲ್ಲ. ಮನೆಯಲ್ಲಾಗಲಿ ಆಫೀಸಿನಲ್ಲಾಗಲಿ ಈಗಿರುವ ಸಂಪರ್ಕದಿಂದಲೇ ಕಾರು ಚಾರ್ಜ್ ಮಾಡಿಕೊಳ್ಳಬಹುದು ಎಂದು ಕೇಂದ್ರ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ನಿಮ್ಮ ಅಪಾರ್ಟ್‌ಮೆಂಟ್ ಸಂಘದ ಮುಂದಿನ ಸಭೆಗೆ ಅದರ ಪ್ರತಿ ತೆಗೆದುಕೊಂಡು ಹೋಗಿ. ನಿಮ್ಮದೇ ಮೀಟರಿನಿಂದ ಪಾರ್ಕಿಂಗ್ ಜಾಗಕ್ಕೆ ಒಂದು ಲೈನ್ ಎಳೆಸಿಕೊಳ್ಳಲು ಒಪ್ಪಿಗೆ ಕೇಳಿ. ಎಳೆಸುವ ಮೊದಲು ಮಂಜೂರಾದ ಲೋಡ್, ಅಂದರೆ ನಿಮ್ಮ ಮನೆ ಒಮ್ಮೆಗೆ ಎಷ್ಟು ಕಿಲೋವ್ಯಾಟ್ ಎಳೆಯಬಹುದು ಅನ್ನುವ ಮಿತಿ, ಸಾಲುತ್ತದೆಯೇ ನೋಡಿ, ಸಾಲದಿದ್ದರೆ ಹೆಚ್ಚಿಸಲು ಅರ್ಜಿ ಹಾಕಿ. ಅರ್ಥಿಂಗ್ ಪರೀಕ್ಷೆ ಮಾಡಿಸಿ. ಎಕ್ಸ್‌ಟೆನ್ಷನ್ ಬೋರ್ಡಿನಿಂದ ಮಾತ್ರ ಎಂದಿಗೂ ಚಾರ್ಜ್ ಮಾಡಬೇಡಿ. ನಮಸ್ಕಾರ.