ಬಣ್ಣ ಸಾಕ್ಷಿ ಹೇಳುವುದಿಲ್ಲ

ನಮಸ್ಕಾರ. ಇವತ್ತು ಬೇರೆ ವಿಷಯ ಮಾತನಾಡಬೇಕೆಂದು ಬರೆದಿಟ್ಟುಕೊಂಡಿದ್ದೆ. ಆ ಹಾಳೆ ಈಗ ಕಾಫಿ ಲೋಟದ ಅಡಿಯಲ್ಲಿದೆ. ಕಾರಣ, ಹಿಂದಿನ ಸಂಚಿಕೆಗೆ ಬಂದ ಒಂದು ಪ್ರತಿಕ್ರಿಯೆ. ಹಳೆಯ ಡ್ರ್ಯಾಗ್ ಕಾರು, ಅಂದರೆ ನೇರ ದಾರಿಯ ಓಟದ ಪಂದ್ಯಕ್ಕೆ ಕಟ್ಟಿದ ಕಾರು, ನಿಜಕ್ಕೂ ಮೂಲದ್ದೇ ಎಂದು ಕೇಳಬೇಕು ಎನ್ನುವವನು ನಾನು. ಅದಕ್ಕೆ ಒಬ್ಬರ ಉತ್ತರ: "ಹಳೆಯ ಡ್ರ್ಯಾಗ್ ಕಾರು ಹೊಳೆಯುತ್ತದೆ, ಗುಡುಗುತ್ತದೆ, ಅಷ್ಟು ಸಾಕು. ಅದರ ಜಾತಕ ಕಟ್ಟಿಕೊಂಡು ನಿಮಗೇನಾಗಬೇಕು?"

ಜಾತಕವೇ ಆಗಬೇಕು ಸ್ವಾಮಿ! ಯಾರು ಕಟ್ಟಿದರು, ಯಾರ ಕೈ ಸೇರಿತು, ಎಲ್ಲಿ ಕತ್ತರಿ ಬಿತ್ತು, ಎಲ್ಲವೂ. ಬಣ್ಣ ಸಾಕ್ಷಿ ಹೇಳುವುದಿಲ್ಲ. ಬೆಸುಗೆ ಹೇಳುತ್ತದೆ.

ನಮ್ಮಲ್ಲಿ ತುಕ್ಕು ಹಿಡಿದ ಸ್ಕೂಟರ್ ಮಾರಬೇಕಾದರೂ ಷಾಸಿ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಿದ್ದರು. ಅಮೆರಿಕದ ಅರವತ್ತರ ದಶಕದ ಡ್ರ್ಯಾಗ್‌ಸ್ಟರ್‌ಗೆ ಉಜ್ಜುವುದಕ್ಕೆ ಸಾಮಾನ್ಯವಾಗಿ ಅಂಥ ಸಂಖ್ಯೆಯೇ ಇರುತ್ತಿರಲಿಲ್ಲ. ಕಾಲು ಮೈಲಿ, ಅಂದರೆ 402 ಮೀಟರ್, ನೇರ ಓಡುವುದಕ್ಕೆಂದು ಕೊಳವೆಗಳನ್ನು ಬೆಸೆದು ಕಟ್ಟಿದ ಚೌಕಟ್ಟು ಅದು. ಕೆಂಟ್ ಫುಲ್ಲರ್, ವುಡಿ ಗಿಲ್ಮೋರ್, ಡಾನ್ ಲಾಂಗ್‌ರಂಥವರು ಕಟ್ಟುತ್ತಿದ್ದರು. ಹಣ ಬೇಕಾದಾಗ ಮಾಲೀಕ ಎಂಜಿನ್ ಬಿಚ್ಚಿ ತಾನೇ ಇಟ್ಟುಕೊಂಡು ಬರಿಯ ಚೌಕಟ್ಟು ಮಾರುತ್ತಿದ್ದ. ಕೊಂಡವನು ತನ್ನ ಹೆಸರು ಬರೆಸಿ, ಉದ್ದ ಸಾಲದೆಂದು ನಡುವೆ ಕತ್ತರಿಸಿ ಇನ್ನೆರಡು ಅಡಿ ಸೇರಿಸುತ್ತಿದ್ದ. ಮೂರನೆಯವನ ಕೈಗೆ ಬರುವಷ್ಟರಲ್ಲಿ ಕಾರಿಗೆ ಹೆತ್ತವರ ನೆನಪೂ ಇರುತ್ತಿರಲಿಲ್ಲ.

ಆಮೇಲೆ 1970ರ ಮಾರ್ಚ್ 8 ಬಂತು. ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಬಳಿಯ ಲಯನ್ಸ್ ಡ್ರ್ಯಾಗ್ ಸ್ಟ್ರಿಪ್ ಎಂಬ ಪಂದ್ಯದ ಅಂಕಣ. ಹೆಸರಾಂತ ಡ್ರ್ಯಾಗ್ ಚಾಲಕ ಡಾನ್ ಗಾರ್ಲಿಟ್ಸ್ ಅವರ 'ಸ್ವಾಂಪ್ ರ‍್ಯಾಟ್ 13' ಹೊರಡುವಾಗ ಗೇರ್ ಪೆಟ್ಟಿಗೆ ಸಿಡಿಯಿತು, ಕಾರು ಎರಡು ತುಂಡಾಯಿತು, ಅವರ ಬಲಪಾದದ ಒಂದು ಭಾಗ ಹೋಯಿತು. ಆ ಕಾಲದ ಕಾರುಗಳಲ್ಲಿ ಎಂಜಿನ್ ಮುಂದೆ, ಚಾಲಕ ಹಿಂದೆ. ಸಿಡಿದದ್ದೆಲ್ಲ ನೇರವಾಗಿ ಮೈಮೇಲೆ. ಗಾರ್ಲಿಟ್ಸ್ ಆಸ್ಪತ್ರೆಯಿಂದ ಎದ್ದು ಬಂದು ಎಂಜಿನ್ನನ್ನು ಬೆನ್ನ ಹಿಂದಿಟ್ಟು 'ಸ್ವಾಂಪ್ ರ‍್ಯಾಟ್ 14' ಕಟ್ಟಿದರು, 1971ರಲ್ಲಿ ಪೊಮೋನಾದ ವಿಂಟರ್‌ನ್ಯಾಷನಲ್ಸ್ ಪಂದ್ಯ ಗೆದ್ದರು. ಅಲ್ಲಿಗೆ ಮುಂದೆ ಎಂಜಿನ್ ಇದ್ದ ಕಾರುಗಳ ಕಥೆ ಮುಗಿಯಿತು. ಕೊಳ್ಳುವವರಿಲ್ಲ, ಕೇಳುವವರಿಲ್ಲ. ಕೆಲವು ಗುಜರಿ ಸೇರಿದವು, ಕೆಲವು ಗ್ಯಾರೇಜಿನ ತೊಲೆಗೆ ಒಣಮೀನಿನ ಹಾಗೆ ನೇತಾಡಿದವು.

ಮುಂದೆ ಹಳೆಯ ಹುಚ್ಚು ಮರಳಿತು. 1992ರಿಂದ ಬೇಕರ್ಸ್‌ಫೀಲ್ಡ್ ಬಳಿಯ ಫಮೋಸೋದಲ್ಲಿ ಹಳಬರ ಕೂಟ ನಡೆಯತೊಡಗಿತು. ಅಲ್ಲಿನ ಕ್ಯಾಕಲ್‌ಫೆಸ್ಟ್‌ನಲ್ಲಿ ಕಾರುಗಳನ್ನು ಓಡಿಸುವುದಿಲ್ಲ. ತಳ್ಳಿ ಎಬ್ಬಿಸಿ ನೈಟ್ರೋಮೀಥೇನ್ ಎಂಬ ಪಂದ್ಯದ ಇಂಧನ ಕುಡಿಸಿ ಗುಡುಗಿಸುತ್ತಾರೆ, ನೋಡುಗರ ಕಣ್ಣಲ್ಲಿ ನೀರು ಬರಿಸುತ್ತಾರೆ. ಒಳ್ಳೆಯದೇ. ಆದರೆ ಗುಜರಿಗೆ ಹೋದದ್ದೆಂದು ಎಲ್ಲರೂ ನಂಬಿದ್ದ ಕಾರು ಇದ್ದಕ್ಕಿದ್ದಂತೆ ಹೊಸ ಬಣ್ಣ ಬಳಿದುಕೊಂಡು ಬಂದರೆ ಕೇಳಬೇಡವೇ? ಯಾವ ಕೊಳವೆ ಹಳೆಯದು? ಎಂಜಿನ್ ಕೂರಿಸಿದ ತೂತುಗಳು ಅಂದಿನ ಫೋಟೋದಲ್ಲಿ ಎಲ್ಲಿವೆ, ಇಂದು ಎಲ್ಲಿವೆ? ಕಟ್ಟಿದವನು ತನ್ನ ಬೆಸುಗೆಯನ್ನು ಗುರುತಿಸುತ್ತಾನೆಯೇ? ಬಣ್ಣ ಸಾಕ್ಷಿ ಹೇಳುವುದಿಲ್ಲ!

ಅಂದ ಹಾಗೆ, ಈ ಮಾತನ್ನು ಅಚ್ಚು ಹಾಕಿಸಿದ ಮಗ್ ನಮ್ಮ ಚಾನೆಲ್‌ನಲ್ಲಿ ಮಾರಾಟಕ್ಕಿದೆ. ಎರಡು ಸಲ ತೊಳೆದರೆ ಅಕ್ಷರ ಹೋಗುತ್ತದೆ ಎಂದು ದೂರು ಬಂದಿದೆ. ನಾನು ಹೇಳುತ್ತಿರುವುದೂ ಅದನ್ನೇ ಅಲ್ಲವೇ?

ಇನ್ನೊಬ್ಬರು ಬುದ್ಧಿವಂತರು. "ನಮ್ಮೂರ ತೇರಿನ ಗಾಲಿ ಬದಲಾಗಿದೆ, ಅಚ್ಚು ಬದಲಾಗಿದೆ, ತೇರು ಅದೇ ಅಲ್ಲವೇ?" ಎಂದಿದ್ದಾರೆ. ಅಯ್ಯಾ, ತೇರನ್ನು ಊರೇ ಎಳೆಯುತ್ತದೆ, ಗಾಲಿ ಬದಲಾದದ್ದು ಊರಿಗೆಲ್ಲ ಗೊತ್ತು. ಆ ತೇರನ್ನು ಯಾರಾದರೂ ಹರಾಜಿಗಿಟ್ಟು 'ಒಂದು ಮೊಳೆಯೂ ಬದಲಾಗಿಲ್ಲ' ಎಂದು ಕೂಗಿದ್ದಾರೆಯೇ? ಮುಂದಿನ ಪ್ರತಿಕ್ರಿಯೆ.

ಪ್ರಾಮಾಣಿಕ ರಿಸ್ಟೊರೇಷನ್ನೂ, ಅಂದರೆ ಕಾರನ್ನು ಹಳೆಯ ರೂಪಕ್ಕೆ ಮರಳಿಸುವುದೂ, ಸುಲಭವಲ್ಲ. ಡ್ರ್ಯಾಗ್ ಚಾಲಕ ಟಾಮಿ ಐವೋ ಅವರ 'ಶೋಬೋಟ್' ಕಾರಿನಲ್ಲಿ ನಾಲ್ಕು ಬ್ಯೂಯಿಕ್ ಎಂಜಿನ್‌ಗಳು, ನಾಲ್ಕೂ ಚಕ್ರಗಳಿಂದ ಹೊಗೆ. ಮುಂದೆ ಬೇರೆಯವರ ಕೈ ಸೇರಿ, ಮೇಲೊಂದು ಸ್ಟೇಷನ್ ವ್ಯಾಗನ್ನಿನ ಮೈ ಹೊದ್ದು 'ವ್ಯಾಗನ್ ಮಾಸ್ಟರ್' ಆಯಿತು. ಈಗ ಹೇಳಿ, ಅದನ್ನು ಯಾವ ಜನ್ಮಕ್ಕೆ ಮರಳಿಸಬೇಕು? ಒಂದನ್ನು ಉಳಿಸಲು ಇನ್ನೊಂದನ್ನು ಅಳಿಸಲೇಬೇಕು. ನನಗೆ ಉತ್ತರ ಗೊತ್ತಿದೆ, ಆದರೆ ಅದು ಸದಸ್ಯರಿಗೆ ಮಾತ್ರ ಮೀಸಲಾದ ಸಂಚಿಕೆಯಲ್ಲಿದೆ.

ಕಾರ್ಖಾನೆಯ ಕಾರುಗಳ ಪಾಡು ಇನ್ನೊಂದು. 1965ರಲ್ಲಿ ಕ್ರೈಸ್ಲರ್ ಕೆಲವೇ ಕಾರುಗಳ ಮುಂದಿನ ಚಕ್ರಗಳನ್ನು 10 ಅಂಗುಲ, ಹಿಂದಿನವನ್ನು 15 ಅಂಗುಲ ಮುಂದಕ್ಕೆ ಸರಿಸಿತು, ತೂಕ ಇಳಿಸಲು ಮೈಯನ್ನು ಆಮ್ಲದಲ್ಲಿ ಅದ್ದಿಸಿತು. ಅದನ್ನು ನೋಡಿ ಊರೂರಲ್ಲಿ ಜನ ತಮ್ಮ ಕಾರಿಗೂ ಗರಗಸ ಹಾಕಿದರು. ಇಂದು ಎರಡಕ್ಕೂ ಒಂದೇ ಬಣ್ಣ ಬಳಿದರೆ ನಿಮ್ಮ ಕಣ್ಣಿಗೆ ವ್ಯತ್ಯಾಸ ಕಾಣುತ್ತದೆಯೇ? ಕಾಣುವುದಿಲ್ಲ. ಏಕೆ? ಎಲ್ಲರೂ ಒಟ್ಟಿಗೆ ಹೇಳಿ. ಬಣ್ಣ ಸಾಕ್ಷಿ ಹೇಳುವುದಿಲ್ಲ!

ಗಾರ್ಲಿಟ್ಸ್ ಅವರನ್ನು ನೋಡಿ ಕಲಿಯಿರಿ. 1984ರಲ್ಲಿ ಫ್ಲಾರಿಡಾದ ಒಕಾಲಾ ಬಳಿ ಮ್ಯೂಸಿಯಂ ತೆರೆದು ತಮ್ಮ ಕಾರುಗಳನ್ನು ಸಾಲಾಗಿ ನಿಲ್ಲಿಸಿದರು. ಎಲ್ಲರಿಗೂ ಮ್ಯೂಸಿಯಂ ಕಟ್ಟಲಾದೀತೇ ಎನ್ನುತ್ತೀರಿ. ಒಂದು ನೋಟ್‌ಬುಕ್ ಇಡಲಾಗದೇ? ನಲವತ್ತು ಪುಟದ್ದು? ಯಾರಿಂದ ಕೊಂಡೆ, ಏನು ಕತ್ತರಿಸಿದೆ, ಏನು ಸೇರಿಸಿದೆ, ಅಷ್ಟೇ!

ಮೂಲವನ್ನು ನೋಡಿ ಹೊಸದಾಗಿ ಕಟ್ಟಿದ ನಕಲಾದರೆ 'ಕ್ಲೋನ್' ಎಂದು ಬರೆದು ನಿಲ್ಲಿಸಿ, ನಾನೇ ಬಂದು ಚಪ್ಪಾಳೆ ತಟ್ಟುತ್ತೇನೆ. ಮುಚ್ಚಿಟ್ಟರೆ ಕೂಗುತ್ತೇನೆ. ಈಗಾಗಲೇ ಕೂಗುತ್ತಿದ್ದೇನೆ, ಪಕ್ಕದ ಮನೆಯವರು ಕಿಟಕಿ ಮುಚ್ಚಿದ ಸದ್ದು ನಿಮಗೂ ಕೇಳಿಸಿರಬೇಕು. ಬರೆದಿಟ್ಟ ಕಾರಣಗಳು ಮುಗಿದವು, ಕೋಪ ಮಾತ್ರ ಇನ್ನೂ ಎರಡು ಹಾಳೆಯಷ್ಟಿದೆ.

ಸರಿ, ಚಂದಾದಾರರಾಗಿ, ಗಂಟೆ ಒತ್ತಿ, ಮಗ್ ಕೊಳ್ಳಿ, ತೊಳೆಯಬೇಡಿ. ಇನ್ನು ಹಿಂದಿನ ಸಂಚಿಕೆಯ ಆರಂಭದಲ್ಲಿ ನಾನು ಕೇಳಿಸಿದ ಆ ನೈಟ್ರೋ ಗುಡುಗು ಯಾವ ಕಾರಿನದು, ಮೂಲದ್ದೋ ಕ್ಲೋನೋ ಎಂದು ಹದಿನೇಳು ಜನ ಕೇಳಿದ್ದೀರಿ. ಸಮಯವಾಯಿತು, ನಮಸ್ಕಾರ.