ಹಳೇ ನೆಲಮಾಳಿಗೆನ ರೂಮ್ ಮಾಡಬಹುದಾ? ಮೊದಲು ಆ ದುಂಡು ಕಲ್ಲು ನೋಡಿ!

ಚಿಂತಾಮಣಿ ಕಡೆಯ ಒಬ್ಬ ತಮ್ಮ ಫೋಟೋ ಕಳಿಸಿ ಕೇಳಿದಾನೆ: "ಅಣ್ಣಾ, ತಾತನ ಮನೆ ನೆಲಮಾಳಿಗೆಗೆ ಟೈಲ್ಸ್ ಹಾಕಿ, ಪುಟ್ಟಿ ಹೊಡೆದು ಓದೋ ರೂಮ್ ಮಾಡೋಣ ಅಂತ. ಹಳೇ ಕಳೆ ಹೋಗಬಾರದು." ತಮ್ಮಾ, ಪುಟ್ಟಿ ಅಂದಾಗಲೇ ಅರ್ಧ ಕಳೆ ಹೋಯ್ತು.

ಕಲ್ಲುಗೋಡೆ, ಚಪ್ಪಡಿ ಎಲ್ಲ ಗಟ್ಟಿಯಾಗೇ ಕಾಣ್ತಿದೆ, ಬಿಡಿ. ನನ್ನ ಕಣ್ಣು ನಿಂತಿದ್ದು ಮೆಟ್ಟಿಲ ಪಕ್ಕದ ದುಂಡು ಕಲ್ಲಿನ ಮೇಲೆ.

[ಫೋಟೋ ಜೂಮ್]

ಅದು ಹಗೇವಿನ, ಅಂದ್ರೆ ನೆಲದೊಳಗೆ ಕಾಳು ಕೂಡಿಡೋ ಗುಂಡಿಯ ಬಾಯಿ! ಒಬ್ಬರು ಇಳಿಯುವಷ್ಟೇ ಕಂಠ, ಒಳಗೆ ಹೊಟ್ಟೆ ಅಗಲ, ಥೇಟ್ ಬಿಂದಿಗೆ. ಸುತ್ತ ಹುಲ್ಲು ಒತ್ತಿ, ರಾಗಿ ಸುರಿದು, ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಕೆಡಲ್ಲ. ಯಾಕೆ ಗೊತ್ತಾ? ಕಾಳಿಗೂ ಉಸಿರಿದೆ. ಕಾಳು, ಹುಳ ಸೇರಿ ಒಳಗಿನ ಆಮ್ಲಜನಕ ಖಾಲಿ ಮಾಡಿ ಇಂಗಾಲದ ಡೈಆಕ್ಸೈಡ್ ತುಂಬುತ್ತವೆ. ಹುಳ ಸಾಯುತ್ತೆ, ರಾಗಿ ಉಳಿಯುತ್ತೆ. ಗುಳಿಗೆ ಬೇಡ, ಕರೆಂಟ್ ಬಿಲ್ಲಂತೂ ಬೇಡವೇ ಬೇಡ.

ಆದರೆ ಹುಳ ಕೊಂದ ಗಾಳಿ ಮನುಷ್ಯರನ್ನೂ ಬಿಡಲ್ಲ. ನಮ್ಮಜ್ಜಿ ಮೊದಲು ಹಗ್ಗದಲ್ಲಿ ಲಾಂದ್ರ ಇಳಿಸೋರು. ದೀಪ ಆರಿತೋ, ಆವತ್ತು ಯಾರೂ ಇಳಿಯೋ ಹಾಗಿಲ್ಲ. ದೀಪ ಉರಿದರೂ ನೀವು ಇಳೀಬೇಡಿ. ದೀಪ ಆರಿಸದಷ್ಟು ಪ್ರಮಾಣದಲ್ಲೂ ಆ ಅನಿಲ ಅಪಾಯವೇ. ಹಗೇವನ್ನ ಹಾಗೇ ಬಿಟ್ಟು, ಮೇಲೆ ದಪ್ಪ ಗಾಜು ಕೂರಿಸಿ. ಬಂದ ನೆಂಟರಿಗೆಲ್ಲ ತೋರಿಸಬಹುದು.

ಈಗ ಗೋಡೆ. ಸುತ್ತಲ ಮಣ್ಣಿನ ತೇವ ಗೋಡೆಗೆ ಏರುತ್ತೆ. ಸುಣ್ಣದ ಗಾರೆ ಅದನ್ನ ಹೊರಗೆ ಬಿಡುತ್ತೆ. ಸಿಮೆಂಟು, ಪುಟ್ಟಿ ಬಿಡಲ್ಲ. ಬೇಸಿಗೆಯಲ್ಲಿ ರೇನ್‌ಕೋಟ್ ಹಾಕ್ಕೊಂಡು ಬಸ್ಸು ಹತ್ತಿದ ಹಾಗೆ. ಆಮೇಲೆ ಬಿಳೀ ಉಪ್ಪು ಹೊಡೆದು ಪದರ ಪದರ ಉದುರುತ್ತೆ. ಹಳೇ ಮೇಸ್ತ್ರಿಗಳು ಸುಣ್ಣಕ್ಕೆ ಬೆಲ್ಲ, ಅಳಲೆಕಾಯಿ ನೆನೆಸಿದ ನೀರು ಹಾಕೋರು. ಮಜಾ ಏನಂದ್ರೆ, ಹಗೇವಲ್ಲಿ ಜೀವ ತೆಗೆಯೋ ಅದೇ ಅನಿಲವನ್ನ ಗಾಳಿಯಿಂದ ಎಳ್ಕೊಂಡೇ ಸುಣ್ಣ ಮತ್ತೆ ಕಲ್ಲಾಗೋದು! ನಿಧಾನಕ್ಕೆ ಆಗುತ್ತೆ, ಗೃಹಪ್ರವೇಶದ ಮುಹೂರ್ತ ನೋಡಿ ಆತುರಪಡಿಸಬೇಡಿ.

[ಕ್ಯಾಮೆರಾ ಹಿಂದಿನವನು ವಾಚು ತೋರಿಸುತ್ತಾನೆ]

ಆಯ್ತು ಮಾರಾಯ. ಬಚ್ಚಲ ನೀರು, ಮಾಳಿಗೆ ನೀರು ಗೋಡೆ ಬುಡಕ್ಕೆ ಬೀಳದ ಹಾಗೆ ಮಾಡೋದು ಮೊದಲ ಕೆಲಸ. ಎದುರುಬದುರು ಎರಡು ಗವಾಕ್ಷಿ ಬೇಕು. ವೈರಿಂಗ್ ಗೋಡೆ ಕೊರೆಯದೆ ಹೊರಗಿನ ಪೈಪಲ್ಲೇ ಹೋಗಲಿ. ತಲೆ ತಾಗುತ್ತೆ ಅಂತ ನೆಲ ಅಗೀಬೇಡಿ, ಪಾಯ ಸಡಿಲವಾಗುತ್ತೆ. ಅಗೆಯಲೇಬೇಕು ಅಂದ್ರೆ ಎಂಜಿನಿಯರನ್ನ ಕರೆಸಿ.

ತಮ್ಮಾ, ಟೈಲ್ಸ್ ಆಗಲೇ ತಂದಾಗಿದ್ರೆ ಬಚ್ಚಲಿಗೆ ಹಾಕಿಸ್ಕೋ.