ಎಂಐ-26 ಮಾಡೆಲ್: ಎಂಟು ಬ್ಲೇಡ್ ಬಗ್ಗಿಸೋ ತಲೆನೋವು

ರಷ್ಯಾದ ಭಾರ ಎತ್ತೋ ಹೆಲಿಕಾಪ್ಟರ್ ಎಂಐ-26ರ ಪ್ಲಾಸ್ಟಿಕ್ ಮಾಡೆಲ್ ಇದು. ಬಾಡಿ ಎರಡು ಭಾಗ ಸೇರಿಸೋದು, ಅಂಟು ಬಿಡೋದು, ಟೇಪ್ ಸುತ್ತೋದು ಎಲ್ಲಾ ಸ್ಕ್ರೀನ್ ಮೇಲೆ ಓಡ್ತಾ ಇದೆ, ಅದನ್ನ ಬಾಯಲ್ಲಿ ಬೇರೆ ಹೇಳಲ್ಲ. ಸೈಜ್ ಮಾತ್ರ ನೋಡ್ಕೊಳ್ಳಿ. ಸ್ಕೇಲು 1/72, ಆದ್ರೂ ಕಟಿಂಗ್ ಮ್ಯಾಟ್ ದಾಟಿ ಮೇಜಿಗೆ ಬಂದಿದೆ. ನಿಜವಾದ ಎಂಐ-26ರ ರೋಟರ್, ಅಂದ್ರೆ ಮೇಲೆ ತಿರುಗೋ ಬ್ಲೇಡ್‌ಗಳ ಚಕ್ರ, ಈ ತುದಿಯಿಂದ ಆ ತುದಿಗೆ 32 ಮೀಟರ್, 72ರಿಂದ ಭಾಗ ಮಾಡಿದ್ರೂ 44 ಸೆಂಟಿಮೀಟರ್ ಚಿಲ್ಲರೆ ಉಳಿಯುತ್ತೆ. ಇದನ್ನ ಎಲ್ಲಿಡೋದು ಅಂತ ಮನೇಲಿ ಆಗ್ಲೇ ಕೇಳ್ತಾ ಇದಾರೆ, ಉತ್ತರ ಇಲ್ಲ.

ಈಗ ಕಾಕ್‌ಪಿಟ್. ಈ ಲೋಹದ ಸೀಟ್ ಬೆಲ್ಟ್‌ಗಳು, ಫೋಟೋ ಎಚ್ ಅಂತಾರಲ್ಲ, ನನ್ ಪ್ರಕಾರ ಶುದ್ಧ ದಂಡ. ಗಾಜು ಮುಚ್ಚಿದ್ಮೇಲೆ ಯಾರಿಗ್ರೀ ಕಾಣುತ್ತೆ? ಚಿಮಟದಲ್ಲಿ ಸ್ವಲ್ಪ ಗಟ್ಟಿಯಾಗಿ ಹಿಡಿದ್ರೆ ಚಿಮ್ಮಿ ಎಲ್ಲೋ ಹೋಗುತ್ತೆ, ಸಡಿಲ ಹಿಡಿದ್ರೆ ಅಂಟೋದೇ ಇಲ್ಲ. ಆಯ್ತು, ಕೂತ್ವು. ನೆಲದ ಕೆಳಗೆ ಸೀಸದ ಗುಂಡು ತುಂಬ್ತಾ ಇದೀನಿ, ಇಲ್ದಿದ್ರೆ ಮೂಗು ಎತ್ಕೊಂಡು ಬಾಲದ ಮೇಲೆ ಕೂತುಬಿಡುತ್ತೆ.

ಹಾಂ, ಬ್ಲೇಡ್‌ಗೆ ಬಂದ್ವಿ. ನನಗೆ ಉರಿಯೋದು ಇಲ್ಲೇ. ಕಿಟ್‌ನಲ್ಲಿ ಎಂಟೂ ಬ್ಲೇಡ್ ಸ್ಕೇಲ್ ಇಟ್ಟು ಗೆರೆ ಎಳೆದಂಗೆ ನೆಟ್ಟಗೆ ಬಂದಿದೆ. ನಿಂತಿರೋ ಎಂಐ-26 ಫೋಟೋ ಯಾವ್ದಾದ್ರೂ ತೆಗೆದು ನೋಡಿ, ಬ್ಲೇಡ್‌ಗಳು ತೆಂಗಿನ ಗರಿ ತರ ಜೋತು ಬಿದ್ದಿರುತ್ತೆ. ಅಷ್ಟುದ್ದ ಇದೆ, ಒಳಗೆ ಉಕ್ಕಿನ ದಂಡ, ಮೇಲೆ ಫೈಬರ್‌ಗ್ಲಾಸ್, ತನ್ನ ಭಾರಕ್ಕೆ ತಾನೇ ಬಾಗುತ್ತೆ. ತಿರುಗೋಕೆ ಶುರುವಾದ್ರೆ ಆ ವೇಗವೇ ಅದನ್ನ ಹೊರಗೆಳೆದು ನೆಟ್ಟಗೆ ಮಾಡುತ್ತೆ, ಭಾರ ಎತ್ತುವಾಗ ತುದಿಗಳು ಇನ್ನೂ ಮೇಲಕ್ಕೆ ಹೋಗುತ್ತೆ. ಅಂದ್ರೆ ಕಿಟ್‌ನವ್ರು ಕೊಟ್ಟಿರೋ ಬ್ಲೇಡ್ ನಿಂತಾಗಲೂ ಸರಿ ಇಲ್ಲ, ಹಾರುವಾಗಲೂ ಸರಿ ಇಲ್ಲ! ಇಷ್ಟು ದೊಡ್ಡ ಅಚ್ಚು ಮಾಡಿಸಿದವ್ರಿಗೆ ಅದರಲ್ಲೇ ಒಂಚೂರು ಬಾಗು ಕೊಡೋಕೆ ಏನಾಗಿತ್ತೋ.

ಅದಕ್ಕೇ ಈ ರಟ್ಟು. ಪಕ್ಕದಿಂದ ತೆಗೆದ ಫೋಟೋನ ಸ್ಕೇಲ್‌ಗೆ ಪ್ರಿಂಟ್ ಹಾಕಿ ಅದೇ ಬಾಗಿಗೆ ರಟ್ಟು ಕತ್ತರಿಸಿದೀನಿ, ಬ್ಲೇಡ್ ಬಿಸಿನೀರಲ್ಲಿ ಅದ್ದೋದು, ರಟ್ಟಿಗೆ ಒತ್ತಿ ಹಿಡಿಯೋದು, ತಣ್ಣೀರಿಗೆ ಹಾಕೋದು. ಕೇಳೋಕೆ ಸುಲಭ. ಆದ್ರೆ ಈ ಪ್ಲಾಸ್ಟಿಕ್ ಇದ್ಯಲ್ಲ, ನಿಮ್ಮೆದುರಿಗೆ ಬಾಗುತ್ತೆ, ಬೆಳಗ್ಗೆ ಎದ್ದು ನೋಡಿದ್ರೆ ಅರ್ಧ ವಾಪಸ್ ಹೋಗಿರುತ್ತೆ, ಅದೂ ಎಲ್ಲಾ ಒಂದೇ ತರ ಹೋಗಲ್ಲ, ಒಂದು ಸ್ವಲ್ಪ ಒಂದು ಜಾಸ್ತಿ, ಹಂಗಾಗಿ ಬೇಕಾದ್ದಕ್ಕಿಂತ ಹೆಚ್ಚು ಬಗ್ಗಿಸಿ ಬಿಟ್ಟು ಆಮೇಲೆ ಒಂದೊಂದನ್ನೂ ಮತ್ತೆ ರಟ್ಟಿಗಿಟ್ಟು ಸರಿ ಮಾಡ್ಬೇಕು. ಎಂಟು! ಅಮೆರಿಕದ ಹೆಲಿಕಾಪ್ಟರ್‌ಗಳನ್ನ ನೋಡಿ, ಸೂಪರ್ ಸ್ಟಾಲಿಯನ್‌ಗೆ ಏಳು, ಚಿನೂಕ್‌ಗೆ ಒಂದು ರೋಟರ್‌ಗೆ ಮೂರೇ. ಚಿನೂಕ್ ಮಾಡ್ಬೇಕಿತ್ತು ನಾನು.

ಇನ್ನೊಂದು, ಬಗ್ಗಿಸೋ ಮೊದ್ಲು ಮೇಲ್ಗಡೆ ಯಾವ್ದು ಅಂತ ಮಾರ್ಕರ್‌ನಲ್ಲಿ ಗುರುತು ಹಾಕಿ. ಎಂಐ-26ರ ರೋಟರ್ ಮೇಲಿಂದ ನೋಡಿದ್ರೆ ಗಡಿಯಾರದ ದಿಕ್ಕಿಗೇ ತಿರುಗುತ್ತೆ, ಸೂಪರ್ ಸ್ಟಾಲಿಯನ್‌ದು ಉಲ್ಟಾ. ಆದ್ದರಿಂದ ಮಧ್ಯದಿಂದ ತುದಿ ಕಡೆ ನೋಡುವಾಗ ಗಾಳಿ ಸೀಳ್ಕೊಂಡು ಮುಂದೆ ಹೋಗೋ ದಪ್ಪ ಅಂಚು ಬಲಕ್ಕೆ ಬರ್ಬೇಕು. ಅದು ಎಡಕ್ಕಿದ್ದಾಗ ಬಗ್ಗಿಸಿದ್ರೆ ಜೋಡಿಸಿದ್ಮೇಲೆ ಆ ಬ್ಲೇಡ್ ಒಂದು ಆಕಾಶ ನೋಡ್ತಾ ನಿಂತಿರುತ್ತೆ.

ನೀರು ಕಾಯೋವರೆಗೆ ಒಂದು ವಿಷ್ಯ. 1999ರಲ್ಲಿ ಸೈಬೀರಿಯಾದ ತೈಮಿರ್‌ನಲ್ಲಿ ಹೆಪ್ಪುಗಟ್ಟಿದ ಮಣ್ಣಿನ ಸಮೇತ ಒಂದು ಮ್ಯಾಮತ್‌ನ, ಅಂದ್ರೆ ಹಿಂದೆ ಇದ್ದ ಕೂದಲಿನ ಆನೆನ, ಕತ್ತರಿಸಿ ಎತ್ತಿದ್ರು, ಗೊತ್ತಾ? ಎತ್ತಿದ್ದು ಇದೇ ಎಂಐ-26. ಇದಕ್ಕೆ ಹೇಳಿರೋ ಲೋಡ್ 20 ಟನ್, ಆ ಗಡ್ಡೆ ಸುಮಾರು 23. 2002ರಲ್ಲಿ ಅಫ್ಘಾನಿಸ್ತಾನದಲ್ಲಿ ಕೆಟ್ಟು ಬಿದ್ದಿದ್ದ ಅಮೆರಿಕದ ಚಿನೂಕ್‌ನ ಕೆಳಗೆ ನೇತು ಹಾಕ್ಕೊಂಡು ಹೋಗಿದ್ದೂ ಇದೇ. ಭಾರ ಎತ್ತೋ ಹೆಲಿಕಾಪ್ಟರ್‌ನ ಎತ್ತೋಕೆ ಇನ್ನೊಂದು ಹೆಲಿಕಾಪ್ಟರ್! ಚಿನೂಕ್ ಮಾಡ್ಬೇಕಿತ್ತು ಅಂದ್ನಲ್ಲ, ಬಿಡಿ, ಬೇಡ. ಇನ್ನು 1986ರಲ್ಲಿ ಚೆರ್ನೋಬಿಲ್‌ನಲ್ಲೂ… ಅಯ್ಯೋ, ಕ್ಲಿಪ್ ಮುಗೀತಾ ಬಂತು, ನೀರು ಕುದೀತಾ ಇದೆ, ಕುದಿಯೋ ನೀರು ಬೇಡ, ಬ್ಲೇಡ್ ತಿರುಚ್ಕೊಳ್ಳುತ್ತೆ, ಒಲೆ ಆರಿಸಿ ಸ್ವಲ್ಪ ಬಿಟ್ಟು ಅದ್ದಿ.

ಪೇಂಟ್. ಬೂದು ಬಣ್ಣ, ಏರ್‌ಬ್ರಶ್, ನೋಡ್ತಾ ಇದೀರ. ಮಾಡೆಲ್‌ಗೆ ಕೊಳೆ ಬಳಿಯೋದು ನನಗೆ ಇಷ್ಟ ಇಲ್ಲ, ಎಷ್ಟೋ ಜನ ಕೆಸರಲ್ಲಿ ಹೊರಳಾಡಿಸಿದಂಗೆ ಮಾಡಿಟ್ಟಿರ್ತಾರೆ. ಆದ್ರೆ ಇಲ್ಲಿ ಎರಡು ಇಂಜಿನ್, ಒಂದೊಂದಕ್ಕೆ 11 ಸಾವಿರ ಹಾರ್ಸ್‌ಪವರ್ ಮೇಲೆ, ಹೊಗೆ ಪಕ್ಕಕ್ಕೆ ಬರುತ್ತೆ, ಮಸಿ ಇಲ್ದೆ ಹೆಂಗಿರುತ್ತೆ. ಕಪ್ಪು ಪುಡಿ, ಮೆತ್ತನೆ ಬ್ರಶ್. ಸ್ವಲ್ಪ ಸಾಕು. ಇನ್ನೂ ಸ್ವಲ್ಪ. ಹಾಂ, ಚೆನ್ನಾಗಿದೆ ಕಣ್ರೀ, ಆ ಕಡೆಗೂ ಹಾಕೋಣ.

ಕಾಕ್‌ಪಿಟ್ ಗಾಜು ಕೂರಿಸ್ತಾ ಇದೀನಿ. ಇದಕ್ಕೆ ಸೂಪರ್ ಗ್ಲೂ ಬೇಡ, ಆವಿಗೆ ಗಾಜು ಬೆಳ್ಳಗೆ ಮಂಜಾಗುತ್ತೆ, ಬಿಳಿ ಫೆವಿಕಾಲ್ ಸಾಕು, ಒಣಗಿದ್ಮೇಲೆ ಕಾಣೋದೇ ಇಲ್ಲ. ಈಗ ಲೈಟ್ ಹಿಡೀತೀನಿ, ನೋಡಿ, ಸೀಟ್ ಬೆಲ್ಟ್ ಕಾಣ್ತಾ ಇದೆ! ದಂಡ ಅಂದಿದ್ದೆ, ಅಲ್ಲ. ಹಾಕಿ, ಹಾಕಿ.

ರೋಟರ್‌ಗೆ ಅಂಟು ಹಾಕಿಲ್ಲ, ಸುಮ್ನೆ ಕಡ್ಡಿ ಮೇಲೆ ಕೂರಿಸಿದೀನಿ, ತೆಗೆದಿಟ್ರೆ ಅರ್ಧ ಜಾಗ ಉಳಿಯುತ್ತೆ. ಹಿಂದಿನ ಬಾಗಿಲು, ರ‍್ಯಾಂಪ್, ಒಳಗಿನ ಲೋಡ್ ಮುಂದಿನ ವಿಡಿಯೋದಲ್ಲಿ. ಒಳಗೆ ಜೀಪ್ ಇಡೋದೋ ಟ್ರಕ್ ಇಡೋದೋ ಕಾಮೆಂಟಲ್ಲಿ ಹೇಳಿ, ಮ್ಯಾಮತ್ ಅಂತ ಮಾತ್ರ ಹೇಳ್ಬೇಡಿ.